ಪಾರ್ಕಿಂಗ್ ಲಾಟಿನ ಸ್ಪ್ಯಾನಿಷ್ ಮೇಡಂ

ಲಾಸ್ ಏಂಜಲೀಸ್‌ನ ಆಸ್ಪತ್ರೆಯೊಂದರಲ್ಲಿ ಬಹಳಷ್ಟು ರೋಗಿಗಳಿಗೆ ಸ್ಪ್ಯಾನಿಷ್ ಮಾತ್ರ ಬರುತ್ತಿತ್ತು. ಅದಕ್ಕೇ ನಮ್ಮಂಥ ಹೊಸ ಡಾಕ್ಟರುಗಳಿಗೆ ಸ್ಪ್ಯಾನಿಷ್ ಕಲಿಸಲು ಒಬ್ಬ ಮೇಡಂ ಬರುತ್ತಿದ್ದರು. ನಾವು ತಡವರಿಸಿದರೆ ಮೇಜು ತಟ್ಟಿ, "ನಾಚಿಕೆ ಬಿಡಿ, ಬಾಯಿ ಬಿಡಿ!" ಎನ್ನುತ್ತಿದ್ದರು.

ಒಮ್ಮೆ ಹಿರಿಯ ಡಾಕ್ಟರೊಬ್ಬರು ಕ್ಲಾಸಿಗೆ ಬಂದು, "ರೋಗಿಗಳೇ ಇಂಗ್ಲಿಷ್ ಕಲಿಯಲಿ, ನಮಗ್ಯಾಕೆ ಈ ಕಷ್ಟ?" ಎಂದರು. ಮೇಡಂ ಅವರನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿ, ಸ್ಪ್ಯಾನಿಷ್‌ನಲ್ಲಿ ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಡಾಕ್ಟರು ಏನೂ ಅರ್ಥವಾಗದೆ ಪಿಳಿಪಿಳಿ ಕಣ್ಣುಬಿಟ್ಟರು.

"ರೋಗಿ ಸಹಕರಿಸುತ್ತಿಲ್ಲ ಅಂತ ಬರೆದುಕೊಳ್ಳಲೇ, ಡಾಕ್ಟರ್?" ಎಂದರು ಮೇಡಂ.

ಆ ಹಿರಿಯ ಡಾಕ್ಟರು ಆಸ್ಪತ್ರೆಯ ಆಡಳಿತಕ್ಕೆ ದೂರು ಕೊಟ್ಟರು. ಮರುವಾರ ನಮ್ಮ ಕ್ಲಾಸ್ ರೂಮಿಗೆ ಬೀಗ ಬಿದ್ದಿತ್ತು. ಮೇಡಂ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿ ತೆಗೆದು, ಅಲ್ಲೇ ಕೂತು ಪಾಠ ಶುರುಮಾಡಿದರು.

"ಇಲ್ಲಿಂದಲೂ ಎಬ್ಬಿಸಿದರೆ?" ಎಂದೆ.

"ಎದುರಿನ ಬಸ್ ಸ್ಟಾಪಿಗೆ ಹೋಗೋಣ. ನಿಮ್ಮ ಉಚ್ಚಾರ ತಿದ್ದೋಕೆ ಅಲ್ಲಿ ನಿಮ್ಮ ರೋಗಿಗಳೇ ಕೂತಿರ್ತಾರೆ!"