ಮಂಗಳಕ್ಕನ ಕೈಗುಣ

ಕೋಳಿ ಕೂಗಿ ಆಗಿದೆ. ಹೊಸ ಅಗ್ರಹಾರದ ಬೀದಿಯಲ್ಲಿ ಡೇರಿಗೆ ಹಾಲು ಹಾಕಲು ಹೊರಟವರ ಕ್ಯಾನುಗಳ ಸದ್ದು. ನಟರಾಜು ಅವರ ಮನೆಯಿಂದ ಮಾತ್ರ ಇವತ್ತು ಕ್ಯಾನು ಇನ್ನೂ ಹೊರಟಿಲ್ಲ. ಅವರ ಕೊಟ್ಟಿಗೆಯಲ್ಲಿ ಚೊಚ್ಚಲ ಹಸುವೊಂದು ಮಲಗಿ ನೋವು ತಿನ್ನುತ್ತಿದೆ. ಅದರ ಹಿಂದೆ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿರುವ ಹೆಂಗಸು ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ. ಬಲಗೈಗೆ ಭುಜದವರೆಗೂ ಪ್ಲಾಸ್ಟಿಕ್ ಗ್ಲೌಸು. ಕಣ್ಣು ಮುಚ್ಚಿದ್ದಾರೆ. ನೋಡುವುದೆಲ್ಲ ಈಗ ಬೆರಳ ತುದಿಯಲ್ಲೇ.

"ಮುಂಗಾಲು ಎರಡೂ ಬಂದವೆ. ತಲೆ ಹಿಂದಕ್ಕೆ ತಿರುಕ್ಕೊಂಡದೆ," ಎನ್ನುತ್ತಾರೆ. "ಯಾರೂ ಎಳೀಬೇಡಿ. ನಟರಾಜಪ್ಪ, ಡಾಕ್ಟ್ರುಗೆ ಫೋನ್ ಮಾಡು. ಈಗ್ಲೇ ಮಾಡು, ಆಮೇಕೆ ಅಲ್ಲ."

ನಟರಾಜು ಫೋನು ಹಿಡಿದು ಅಂಗಳಕ್ಕೆ ಓಡುತ್ತಾರೆ. ಹೆಂಡತಿ ವಿಮಲಮ್ಮ ಬಿಸಿನೀರಿನ ಬಕೆಟ್ಟು ಹಿಡಿದು ಕಂಬಕ್ಕೆ ಒರಗಿದ್ದಾರೆ. ಬಾಯಲ್ಲಿ ದೇವರ ಹೆಸರು. ಹಸು ತಿಣುಕಿದಾಗ ಮಂಡಿಯೂರಿದ ಹೆಂಗಸು ಸುಮ್ಮನಿರುತ್ತಾರೆ. ನೋವು ಇಳಿದಾಗ ಕರುವನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಸಿಕ್ಕಿದ ಜಾಗದಲ್ಲೇ ಕೈ ತೂರಿಸಿ ಅದರ ಮೂತಿಯನ್ನು ಹುಡುಕುತ್ತಾರೆ. ಮತ್ತೆ ನೋವು, ಮತ್ತೆ ಕಾಯುವುದು. ಹಣೆಯ ಬೆವರು ವಿಭೂತಿಯನ್ನು ಕರಗಿಸಿಕೊಂಡು ಮೂಗಿನ ಮೇಲೆ ಇಳಿಯುತ್ತಿದೆ. ಇದ್ದಕ್ಕಿದ್ದಂತೆ ಅವರ ಮುಖ ಅರಳುತ್ತದೆ.

"ಬೆಳ್ಳು ಚೀಪ್ತಾದೆ ಕಣ್ರೀ! ಒಳಗಿಂದಲೇ ನನ್ನ ಬೆಳ್ಳು ಚೀಪ್ತಾದೆ! ಜೀವ ಅದೆ!"

ವಿಮಲಮ್ಮನ ಕೈಯಲ್ಲಿದ್ದ ಬಕೆಟ್ಟಿನಿಂದ ಅರ್ಧ ನೀರು ಚೆಲ್ಲಿಹೋಗುತ್ತದೆ. ಮುಂದಿನ ನೋವಿಗೆ ತಲೆ ದಾರಿಗೆ ಬಂದಿದೆ. ಅದರ ಮುಂದಿನದಕ್ಕೆ ಕರು ಹುಲ್ಲಿನ ಮೇಲೆ ಜಾರಿ ಬಿದ್ದಿದೆ. ಮೂಗು ಬಾಯಿಯ ಲೋಳೆ ತೆಗೆದು, ಹುಲ್ಲಿನಲ್ಲಿ ಮೈ ತಿಕ್ಕಿ, ಒಂದು ಕಡ್ಡಿಯಿಂದ ಮೂಗಿಗೆ ಕಚಗುಳಿ ಇಟ್ಟರೆ ಕರು ಜೋರಾಗಿ ಸೀನುತ್ತದೆ. ಕೊಟ್ಟಿಗೆಯೆಲ್ಲ ನಗು. ಪಶುವೈದ್ಯ ಕಾಂತರಾಜ್ ಬೈಕು ನಿಲ್ಲಿಸಿ ಒಳಗೆ ಬರುವ ಹೊತ್ತಿಗೆ ಹಸು ಕರುವನ್ನು ನೆಕ್ಕುತ್ತಿದೆ. "ನನಗೇನೂ ಉಳಿಸಿಲ್ವಲ್ಲ ಅಕ್ಕ," ಎನ್ನುತ್ತಾ ಅವರು ಹಸುವನ್ನು ಪರೀಕ್ಷಿಸಿ ಇಂಜೆಕ್ಷನ್ ಕೊಡುತ್ತಾರೆ.

"ಕೈಗುಣ ಅಂದ್ರೆ ಇದು ಕಣ್ರೀ," ಎಂದು ನಟರಾಜು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ.

ಗ್ಲೌಸು ಬಿಚ್ಚುತ್ತಿದ್ದ ಹೆಂಗಸು ತಲೆ ಎತ್ತುತ್ತಾರೆ. "ಓದ್ ವರ್ಷಾನೂ ಇದೇ ಕೈಯಪ್ಪ."

ನಟರಾಜು ತಲೆ ತಗ್ಗಿಸುತ್ತಾರೆ. ಅದಕ್ಕೊಂದು ಕಾರಣವಿದೆ. ಅದು ಆಮೇಲೆ.

ಇವರು ಸರ್ವಮಂಗಳ. ಕೃಷ್ಣರಾಜನಗರ ತಾಲ್ಲೂಕಿನ ಭೇರ್ಯದ ಸುತ್ತಮುತ್ತ ಎಲ್ಲರ ಬಾಯಲ್ಲೂ ಮಂಗಳಕ್ಕ. ವಯಸ್ಸು ಐವತ್ತೈದು ದಾಟಿದೆ. ಸ್ವಂತಕ್ಕೆ ಒಂದಿಷ್ಟು ಗದ್ದೆ, ಮೂರು ಹಸು, ಗಂಡ ಶಿವನಂಜಪ್ಪನವರ ಹಳೆಯ ಮೊಪೆಡ್ಡು. ಯಾರ ಕೊಟ್ಟಿಗೆಯಲ್ಲಾದರೂ ಹಸುವೋ ಎಮ್ಮೆಯೋ ಕರು ಹಾಕಲು ಕಷ್ಟಪಟ್ಟರೆ ಮೊದಲು ನೆನಪಾಗುವುದು ಇವರ ಹೆಸರು. ಸುಗ್ಗಿ ಮುಗಿದ ಮೇಲಿನ ತಿಂಗಳುಗಳಲ್ಲಿ ವಾರಕ್ಕೆ ನಾಲ್ಕೈದು ಕಡೆಯಿಂದ ಕರೆ ಬರುತ್ತದೆ. ಕೂಲಿ ಅಂತ ಇವರು ಯಾವತ್ತೂ ಬಾಯಿ ಬಿಟ್ಟು ಕೇಳಿದವರಲ್ಲ. ಕರು ಹಾಕಿದ ಮನೆಯವರು ಕೊಡುವ ಗಿಣ್ಣುಹಾಲನ್ನು ಮಾತ್ರ ಬೇಡ ಎನ್ನುವುದಿಲ್ಲ. "ಗಿಣ್ಣು ಬ್ಯಾಡ ಅನ್ನೋರು ಮನುಸ್ರಾ?" ಎಂದು ಕೇಳುತ್ತಾರೆ.

ಇಂಥವರನ್ನು ಒಂದು ಕಾಲದಲ್ಲಿ ಕೊಟ್ಟಿಗೆಯ ಹೊಸ್ತಿಲು ದಾಟದಂತೆ ತಡೆದಿದ್ದರು ಎಂದರೆ ಇಂದಿನ ಹುಡುಗಿಯರು ನಂಬುವುದಿಲ್ಲ.

ಮಂಗಳಕ್ಕನ ತವರು ಹುಣಸೂರು ತಾಲ್ಲೂಕಿನ ಗುರುಪುರ. ಮದುವೆಯಾಗಿ ಈ ಕಡೆಗೆ ಬಂದಾಗ ಹತ್ತೊಂಬತ್ತು ವರ್ಷ. ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಮನೆ ತುಂಬಿದ ಮೂರನೆಯ ದಿನವೇ ಆ ಮನೆಯ ತುಂಬುಗಬ್ಬದ ಹಸು, ಕರು ಹೊಟ್ಟೆಯಲ್ಲಿ ಸಿಕ್ಕಿಕೊಂಡು ಸತ್ತುಹೋಯಿತು. ಅತ್ತೆ ಪುಟ್ಟತಾಯಮ್ಮನಿಗೆ ಆ ಹಸುವೆಂದರೆ ಪ್ರಾಣ. ಅಳುತ್ತಲೇ ಅವರು ಒಂದು ಮಾತು ಆಡಿಬಿಟ್ಟರು: "ಇವಳ ಕಾಲ್ಗುಣ." ಮಾತು ಊರೆಲ್ಲ ಸುತ್ತಿ ಬಂತು. ಹೆಸರು ಸರ್ವಮಂಗಳ, ಆದರೆ ಶುಭಕಾರ್ಯವೆಂದರೆ ಇವರನ್ನು ಹಿಂದಿನ ಸಾಲಿಗೆ ತಳ್ಳುತ್ತಿದ್ದರು. ಹಸುವಿಗೆ ದಿನ ತುಂಬಿದರೆ ಸೊಸೆ ಕೊಟ್ಟಿಗೆಯ ಕಡೆ ತಲೆ ಹಾಕುವಂತಿರಲಿಲ್ಲ.

"ಸಗಣಿ ಬಾಚಕ್ಕೆ ಮಾತ್ರ ನನ್ನ ಕಾಲ್ಗುಣ ಅಡ್ಡ ಬತ್ತಿರ್ಲಿಲ್ಲ ನೋಡಿ," ಎಂದು ಮಂಗಳಕ್ಕ ಈಗ ನಗುತ್ತಾರೆ. ಆಗ ನಗು ಬರುತ್ತಿರಲಿಲ್ಲ. ನೀರು ಸೇದುವ ಹೊತ್ತಿನಲ್ಲಿ ಬಾವಿಕಟ್ಟೆಯ ಹೆಂಗಸರು ಮಾತು ನಿಲ್ಲಿಸಿದರೆ ಅದು ತನ್ನ ಬಗ್ಗೆಯೇ ಎಂದು ಗೊತ್ತಾಗುತ್ತಿತ್ತು. ಗಂಡ ಒಳ್ಳೆಯವರು, ಆದರೆ ತಾಯಿಯೆದುರು ಬಾಯಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಒಂದು ದಿನ ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆ. ಮನೆಮಂದಿಯೆಲ್ಲ ಹೊರಟರು. ನೆರೆಹೊರೆಯವರೂ ಅದೇ ಮದುವೆಗೆ ಹೊರಟರು. ಮಂಗಳಕ್ಕನನ್ನು ಮನೆ ಕಾಯಲು ಬಿಟ್ಟರು; ಮದುವೆಯ ಚಪ್ಪರದಡಿ ಆ ಕಾಲು ಬೀಳುವುದು ಬೇಡ ಎಂಬುದೇ ನಿಜವಾದ ಕಾರಣ. ಇನ್ನೂ ಹತ್ತು ದಿನ ಇದೆ ಎಂದುಕೊಂಡಿದ್ದ ಕೆಂದಹಸುವಿಗೆ ಅದೇ ಮಧ್ಯಾಹ್ನ ನೋವು ಶುರುವಾಯಿತು.

"ಬೀದೀಗೆ ಓಡೋದೆ. ಒಬ್ರೂ ಇಲ್ಲ. ವಾಪಸ್ ಬಂದು ನೋಡಿದ್ರೆ ಒಂದು ಕಾಲು ಕಾಣ್ತದೆ, ಇನ್ನೊಂದು ಇಲ್ಲ. ಇನ್ನೊಂದು ಅಸ ಸತ್ರೆ ನನ್ನ ತವರಿಗೆ ಅಟ್ಟೋದೇ ಸೈ ಅಂತ ಗೊತ್ತಿತ್ತು. ಸುಮ್ನೆ ಅಡುಗೆಮನೇಲಿ ಕೂತ್ಕೊಂಡಿದ್ರೆ ಯಾರೂ ನನ್ನ ಕೇಳ್ತಿರ್ಲಿಲ್ಲ. ಆದ್ರೆ ಅದು ನನ್ನ ಮುಖಾನೇ ನೋಡ್ತಿತ್ತಲ್ಲ. ಎಂಗೆ ಕೂರದು?"

ಗುರುಪುರದಲ್ಲಿ ಅಪ್ಪ ಹಸುವಿನ ಹೆರಿಗೆ ಮಾಡಿಸುವಾಗ ಪಕ್ಕದಲ್ಲಿ ಚಿಮಣಿ ದೀಪ ಹಿಡಿದು ನಿಂತದ್ದಷ್ಟೇ ಅವರಿಗಿದ್ದ ಅನುಭವ. ಬಳೆ ತೆಗೆದಿಟ್ಟರು. ಮೊಣಕೈ ಮೇಲಿನವರೆಗೂ ಸೋಪು ಹಾಕಿ ತೊಳೆದರು, ಹರಳೆಣ್ಣೆ ಸವರಿಕೊಂಡರು. ಮಡಿಚಿಕೊಂಡಿದ್ದ ಕಾಲನ್ನು ಹುಡುಕಿ, ಗೊರಸು ಒಳಗೆ ಗೀರದಂತೆ ಅಂಗೈಯಲ್ಲಿ ಮುಚ್ಚಿ, ನೇರ ಮಾಡಿದರು. ಹಸುವಿನ ಜೊತೆ ಮಾತಾಡುತ್ತಲೇ ಇದ್ದರಂತೆ: "ನಿಂಗೂ ಯಾರೂ ಇಲ್ಲ, ನಂಗೂ ಯಾರೂ ಇಲ್ಲ. ಇಬ್ರೇ ಸೇರ್ಕೊಂಡು ಮಾಡ್ಬುಡವ."

ಸಂಜೆ ಮದುವೆಯಿಂದ ಬಂದವರು ಕೊಟ್ಟಿಗೆಯಲ್ಲಿ ಕಂಡದ್ದು ನಿಂತು ಹಾಲು ಕುಡಿಯುತ್ತಿದ್ದ ಹೆಣ್ಣುಕರು. "ಯಾರು ಬಂದಿದ್ರು?" ಎಂದು ಅತ್ತೆ ಕೇಳಿದರು. "ಯಾರೂ ಇಲ್ಲ ಅತ್ತೆ, ನಾನೇ," ಎಂದಳು ಸೊಸೆ, ಹೊಡೆತಕ್ಕೆ ಕಾದವಳಂತೆ. ಪುಟ್ಟತಾಯಮ್ಮ ಬಗ್ಗಿ ಕರುವಿನ ಮೈ ಸವರಿ ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: "ಕೈ ತೊಳ್ಕೊಂಡು ಉಣ್ಣೋಗು. ಬೆಳಿಗ್ಗೆಯಿಂದ ಏನೂ ತಿಂದಿಲ್ವೇನೋ." ಆ ಮಾತಿಗೆ ಮಂಗಳಕ್ಕ ಒಲೆಯ ಮುಂದೆ ಕೂತು ಅತ್ತುಬಿಟ್ಟರು. ಮರುದಿನ ಗಿಣ್ಣು ಕಾಯಿಸಿದಾಗ ಮೊದಲ ಬಟ್ಟಲು ಸೊಸೆಗೆ. ತಿಂಗಳೊಳಗೆ ಪಕ್ಕದ ಮನೆಯ ಎಮ್ಮೆ ಕಷ್ಟಪಡುತ್ತಿದೆ ಎಂದು ತಿಳಿದಾಗ, ಸೊಸೆಯ ಕೈ ಹಿಡಿದು ದರದರ ಎಳೆದುಕೊಂಡು ಹೋದವರೂ ಅತ್ತೆಯೇ. "ನಮ್ಮ ಸೊಸೆ ಕೈಗುಣ ನೋಡಿ!"

"ಕಾಲು ಅದೇ, ಕೈಯೂ ಅದೇ. ಅತ್ತೆ ಬಾಯಿ ಒಂದು ಬದಲಾಯ್ತು," ಎನ್ನುತ್ತಾರೆ ಮಂಗಳಕ್ಕ.

ಎಂಬತ್ತು ದಾಟಿದ ಪುಟ್ಟತಾಯಮ್ಮ ಈಗಲೂ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾರೆ, ಕಿವಿ ಚುರುಕಾಗಿದೆ. "ಅವಳ ಕೈಗುಣ ಕಂಡ್ಹಿಡಿದಿದ್ದೇ ನಾನು," ಎಂದು ಅಲ್ಲಿಂದಲೇ ಕೂಗಿ ಹೇಳುತ್ತಾರೆ. ಸೊಸೆ ಅದನ್ನು ತಿದ್ದಲು ಹೋಗುವುದಿಲ್ಲ.

ಹಾಗಾದರೆ ಅದೃಷ್ಟ ಅನ್ನುವುದು ಇದೆಯೇ? ಕೇಳಿದರೆ ಮಂಗಳಕ್ಕ ಇಲ್ಲವೆನ್ನುವುದಿಲ್ಲ. "ಅದೆ ಕಣ್ರೀ. ನಾನು ಕೆಟ್ಟ ಕಾಲ್ಗುಣದೋಳು ಅಂತ ಬುಟ್ಟೋಗಿದ್ಕೆ ತಾನೆ ಅವತ್ತು ಮನೇಲಿದ್ದೆ? ಕರ್ಕೊಂಡೋಗಿದ್ರೆ ಚಪ್ಪರದಡಿ ಒಬ್ಬಟ್ಟು ತಿಂತಿದ್ದೆ, ಅಷ್ಟೇಯ. ಅದು ಅದೃಷ್ಟ. ಆದ್ರೆ ಅಪ್ಪನ ಪಕ್ಕ ನಿಂತ್ಕೊಂಡು ನೋಡಿದ್ದು ಅದೃಷ್ಟ ಅಲ್ಲ. ನಿದ್ದೆ ಬಂದ್ರೂ ನಿಂತ್ಕೊಂಡು ನೋಡ್ತಿದ್ದೆ."

ಆ ನಿಂತು ನೋಡುವ ಅಭ್ಯಾಸವನ್ನು ಅವರು ಬಿಡಲೇ ಇಲ್ಲ. ಊರಿಗೆ ಪಶುವೈದ್ಯರು ಬಂದಾಗಲೆಲ್ಲ ಬಕೆಟ್ಟು ಹಿಡಿದು ಹಿಂದೆ ನಡೆದರು. ತಿಳಿಯದ್ದನ್ನು ಕೇಳಿದರು, ಬೈಸಿಕೊಂಡರೂ ಮತ್ತೆ ಕೇಳಿದರು. ಯಾರ ಮನೆಯ ಹಸುವಿಗೆ ಯಾವಾಗ ದಿನ ತುಂಬುತ್ತದೆ ಎಂಬುದು ಅವರಿಗೆ ಬಾಯಿಪಾಠ. ಸಂತೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಕೊಟ್ಟಿಗೆಗಳಿಗೆಲ್ಲ ಇಣುಕಿ, ಹಸುವಿನ ಬೆನ್ನು ಸವರಿ, ಮನೆಯವರ ಟೀ ಕುಡಿದೇ ಮುಂದಕ್ಕೆ ಹೋಗುವುದು. "ಇವಳ ಜೊತೆ ಸಂತೆಗೆ ಓದ್ರೆ ಸಂತೆ ಮುಗಿದಿರ್ತದೆ," ಎಂಬುದು ಶಿವನಂಜಪ್ಪನವರ ಗೊಣಗಾಟ. ಆದರೆ ಕಷ್ಟ ಬಂದಾಗ ಜನ ಹಿಂಜರಿಯದೆ ಬೇಗ ಕರೆಯುವುದು ಆ ಟೀಗಳಿಂದಲೇ.

ಬೇಗ ಕರೆಯದಿದ್ದರೆ ಏನಾಗುತ್ತದೆ ಎಂಬುದು ಹೋದ ವರ್ಷ ಇದೇ ನಟರಾಜು ಅವರ ಕೊಟ್ಟಿಗೆಯಲ್ಲಿ ತಿಳಿದುಹೋಯಿತು. ತಾವೇ ಎಳೆದು ನೋಡಿ, ಸುಸ್ತಾಗಿ, ಕೊನೆಗೆ ಮಂಗಳಕ್ಕನಿಗೆ ಹೇಳಿ ಕಳಿಸಿದ್ದರು. ಕೈ ಹಾಕಿದ ಕ್ಷಣವೇ ಅವರಿಗೆ ಗೊತ್ತಾಯಿತು, ಕರು ಆಗಲೇ ಸತ್ತಿತ್ತು. ಡಾಕ್ಟರು ಬಂದು ಹಸುವನ್ನು ಉಳಿಸಿಕೊಂಡರು. ದುಃಖದಲ್ಲಿ ನಟರಾಜು, "ಇವಳ ಕೈಗುಣ ಮುಗೀತು," ಎಂದುಬಿಟ್ಟರು. ಮಾತು ಮತ್ತೆ ಊರು ಸುತ್ತಿತು. ಕೆಲವು ತಿಂಗಳು ಫೋನು ತಣ್ಣಗಾಯಿತು.

"ಮೊದ್ಲ ಸಲ ಅಂದಾಗ ಅತ್ಕೊಂಡು ಕೂತಿದ್ದೆ. ಈ ಸಲ ಕೂರ್ಲಿಲ್ಲ," ಎನ್ನುತ್ತಾರೆ. ಕರೆಯದಿದ್ದರೂ ಸಂತೆಯ ದಾರಿಯಲ್ಲಿ ಇಣುಕುವುದನ್ನು ನಿಲ್ಲಿಸಲಿಲ್ಲ. ನಟರಾಜು ಅವರ ಕೊಟ್ಟಿಗೆಗೂ ಹೋದರು. ಅವರು ಮುಖ ತಿರುಗಿಸಿದರೆ ಹಸುವಿನ ಜೊತೆ ಮಾತಾಡಿ ಬಂದರು. ಇವತ್ತಿನ ಚೊಚ್ಚಲ ಹಸುವಿಗೆ ನೀರ್ಚೀಲ ಕಾಣಿಸಿಕೊಂಡ ಕೂಡಲೇ ನಟರಾಜು ಶಿವನಂಜಪ್ಪನವರ ಮೊಪೆಡ್ಡಿಗೂ ಕಾಯದೆ ತಮ್ಮ ಆಟೊದಲ್ಲೇ ಬಂದು ಬಾಗಿಲು ಬಡಿದರು. "ತಪ್ಪಾಯ್ತು ಅಕ್ಕ, ಬನ್ನಿ," ಎಂದಷ್ಟೇ ಹೇಳಿದರಂತೆ.

"ಇವರು ಸುಮ್ಮಸುಮ್ಮನೆ ಕರೆಯೋರಲ್ಲ," ಎನ್ನುತ್ತಾರೆ ಡಾ. ಕಾಂತರಾಜ್. "ಕರೆದರೆ ಊಟದ ತಟ್ಟೆ ಬಿಟ್ಟು ಎದ್ದು ಬರ್ತೀನಿ." ಮಂಗಳಕ್ಕನಿಗೂ ಆ ಮಾತು ಇಷ್ಟ. "ನನ್ ಕೈಲಿ ಆಗದಿಲ್ಲ ಅಂತ ಬೇಗ ಯೋಳ್ಬುಡ್ತೀನಿ. ಅದೇ ನನ್ನ ಕೈಗುಣ."

ಜನ ಮಾತ್ರ ಅಷ್ಟಕ್ಕೆ ಬಿಡುವುದಿಲ್ಲ. ಭೇರ್ಯದ ಟೀ ಅಂಗಡಿಯವನಿಗೆ ದಿನದ ಬೋಣಿ ಇವರಿಂದಲೇ ಆಗಬೇಕು. ಹೊಸ ಟ್ರ್ಯಾಕ್ಟರು ಬಂದರೆ ಮೊದಲು ಇವರನ್ನು ಹತ್ತಿಸುತ್ತಾರೆ. ಇಳಿಯುವಾಗ ಮಂಡಿ ನೋವು ಎಂದು ಇವರು ಬೈಯುತ್ತಾರೆ. ಈ ವರ್ಷ ಹತ್ತನೇ ತರಗತಿಯ ಪರೀಕ್ಷೆ ಬರೆದ ಸ್ಪಂದನಾ ಎಂಬ ಹುಡುಗಿ ಹಿಂದಿನ ದಿನ ಪೆನ್ನು ತಂದು ಮುಟ್ಟಿಕೊಡಿ ಎಂದಳಂತೆ.

"ಮುಟ್ತೀನಿ ಕಣವ್ವ. ಓದಿದ್ದೀಯಾ?"

"ಗಣಿತ ಒಂದು ಸ್ವಲ್ಪ ಬಾಕಿ ಅದೆ ಅಜ್ಜಿ."

"ಓಗಿ ಅದ ಓದ್ಕೊಂಡು ಬಾ. ಪೆನ್ನು ಇಲ್ಲೇ ಇರ್ಲಿ, ಆಮೇಕೆ ಮುಟ್ಕೊಡ್ತೀನಿ."

ಸ್ಪಂದನಾ ಪಾಸಾದಳು. ಪುಣ್ಯ ಯಾರಿಗೆ ಸೇರಬೇಕು ಎಂದು ಊರಿನಲ್ಲಿ ಇನ್ನೂ ಚರ್ಚೆ ನಡೆದಿದೆ.

ಮಂಗಳಕ್ಕನ ಮಗನ ಮದುವೆಯಾಗಿ ಮೂರು ವರ್ಷ. ಎಚ್.ಡಿ. ಕೋಟೆ ಕಡೆಯ ಸೊಸೆ ಶಿವಾನಿ ಮನೆ ತುಂಬಿದ ದಿನ, ಅವಳು ಹೊಸ್ತಿಲು ದಾಟುತ್ತಿದ್ದಂತೆ ಕರೆಂಟು ಹೋಯಿತು. ಕತ್ತಲಲ್ಲಿ ಯಾರೋ "ಕಾಲ್ಗುಣ..." ಎಂದು ಬಾಯಿ ತೆರೆದರು. ಮಂಗಳಕ್ಕ ಮಾತು ಮುಗಿಸಲು ಬಿಡಲಿಲ್ಲ. "ಊರಿಗೆಲ್ಲ ಕರೆಂಟು ಓಗದೆ ಕಣಮ್ಮ. ಲೈನ್‌ಮ್ಯಾನ್ ಕಾಲ್ಗುಣ ಇರ್ಬೇಕು, ಅವನ್ನ ಕೇಳು," ಎಂದರು. ಮನೆಯೆಲ್ಲ ನಕ್ಕಿತು, ಮದುಮಗಳೂ ನಕ್ಕಳು. ಮರುವಾರವೇ ಸೊಸೆಯನ್ನು ಕೊಟ್ಟಿಗೆಗೆ ಕರೆದೊಯ್ದು ಉಗುರು ಕತ್ತರಿಸುವುದರಿಂದ ಪಾಠ ಶುರುಮಾಡಿದರು. ಮೊದಲ ಹೆರಿಗೆಯಲ್ಲಿ ಶಿವಾನಿಗೆ ತಲೆ ಸುತ್ತಿತು. ಈಗ ಶಿವಾನಿ ಸ್ಕೂಟರಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ.

ಹೊಸ ಅಗ್ರಹಾರದಿಂದ ಮನೆಗೆ ಬಂದು ಮಂಗಳಕ್ಕ ಸ್ನಾನ ಮಾಡಿದ್ದಾರೆ. ಮುಂದೆ ತಟ್ಟೆಯಲ್ಲಿ ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಒಂದು ಆಸೆ ಬಾಕಿ ಇದೆ ಎನ್ನುತ್ತಾರೆ: ಡೇರಿಗೆ ಹಾಲು ಹಾಕುವ ಹೆಂಗಸರಲ್ಲಿ ಊರಿಗೊಬ್ಬರಾದರೂ ಈ ಕೆಲಸ ಕಲಿಯಬೇಕು. ಮೊದಲ ತುತ್ತು ಮುರಿಯುವಾಗ ಫೋನು ಬಡಿದುಕೊಳ್ಳುತ್ತದೆ. ಅಭ್ಯಾಸದಂತೆ ಎದ್ದೇಬಿಡುತ್ತಾರೆ.

"ಯಾರು, ನಿಂಗಯ್ಯನಾ? ಎಮ್ಮೆಯಾ? ಕಾಲು ಕಾಣ್ತದಾ? ತಡಿ, ಬಂದೆ... ಆಂ?"

ಮುಖದ ತುಂಬ ನಗು ಹರಡುತ್ತದೆ. ಫೋನನ್ನು ಎದೆಗೆ ಒತ್ತಿ ಹಿಡಿದು ಹಿತ್ತಲಿಗೆ ಕೇಳುವಂತೆ ಕೂಗುತ್ತಾರೆ.

"ಶಿವಾನೀ, ಬಾರವ್ವ ಬೇಗ! ನಿಂಗಯ್ಯಂಗೆ ನಾನು ಬ್ಯಾಡ್ವಂತೆ. ನಿನ್ನನ್ನೇ ಕಳಿಸ್ಬೇಕಂತೆ!"

ಶಿವಾನಿ ಕೈ ಒರೆಸಿಕೊಳ್ಳುತ್ತಾ ಬಂದು ಗ್ಲೌಸಿನ ಚೀಲ ತೆಗೆದುಕೊಂಡು ಸ್ಕೂಟರು ಹತ್ತುತ್ತಾಳೆ. ಅದು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಮಂಗಳಕ್ಕ ಒಳಗೆ ಬಂದು ರೊಟ್ಟಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂರುತ್ತಾರೆ.

"ನೋಡಿ ನನ್ನ ಅದೃಷ್ಟವ," ಎನ್ನುತ್ತಾರೆ, "ಇವತ್ತು ರೊಟ್ಟಿ ಬಿಸಿಯಾಗೇ ತಿಂತೀನಿ."