ಬಟ್ಟಲ ಮುಂದೆ ಅರ್ದಶೀರ್

ನಮ್ಮಣ್ಣನಿಗೆ ಅಮ್ಮ ಇಟ್ಟ ಹೆಸರು ತೀರಂದಾಜ್. ಮರಳುಗಾಡಿನ ಯಜ್ದ್ ಸೀಮೆಯ ನಮ್ಮ ಹಳ್ಳಿಗೆ ನೀರು ನೆಲದಡಿಯ ಕಾಲುವೆಯಲ್ಲಿ ಬರುತ್ತದೆ. ಅದನ್ನು ಹಂಚುವ ಕೆಲಸ ಅವನ ಪಾಲಿಗೆ ಬಂದ ದಿನ ನಮ್ಮ ಪುರೋಹಿತರಾದ ದಸ್ತೂರರು ಆ ಹೆಸರು ಕಳಚಿಸಿ, ಅರ್ದಶೀರ್ ಎಂದು ಕೂಗಿದರು. ನೀರಿನ ಮಣೆಯ ಮೇಲೆ ಕೂತವನಿಗೆಲ್ಲ ನಮ್ಮೂರಲ್ಲಿ ಅದೇ ಹೆಸರು.

"ಅರ್ಷಕ ಅಂತ ಹುಟ್ಟಿದ ರಾಜಕುಮಾರ, ಸಿಂಹಾಸನ ಹತ್ತಿದ ದಿನ ಅರ್ತಖ್ಷಥ್ರ ಆದ ಕಣಪ್ಪ. ಸತ್ಯದಿಂದ ಆಳೋನು ಅಂತ. ಜನರ ಬಾಯಲ್ಲಿ ಸವೆದು ಸವೆದು ಅರ್ದಶೀರ್ ಆಯ್ತು. ಈ ಹೆಸರು ಹೊತ್ತುಕೊಂಡ್ಯೋ, ಆಣೆ ಇಟ್ಟಂಗೆ," ಎಂದರು ದಸ್ತೂರರು.

ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಹಂಡೆಯಲ್ಲಿ ತೇಲಿಬಿಡಬೇಕು. ಅದು ತುಂಬಿ ಮುಳುಗಿದರೆ ಒಂದು ಪಾಲು. ಅಣ್ಣ ಇಪ್ಪತ್ತಾರು ವರ್ಷ ಆ ಬಟ್ಟಲಿನಿಂದ ಕಣ್ಣು ಕೀಳಲಿಲ್ಲ. ಒಂದೇ ಒಂದು ಮಧ್ಯಾಹ್ನ, ದೊಡ್ಡ ತೋಟದ ಖೊದಾದಾದನ ಸರದಿಯಲ್ಲಿ, ಬಟ್ಟಲನ್ನು ಅವನೇ ನೋಡಿಕೊಳ್ಳಲಿ ಎಂದು ಹೇಳಿ ಪ್ರಾರ್ಥನೆಗೆ ಎದ್ದ.

ಆ ದಿನದ ಕೊನೆಯ ಸರದಿ ವಿಧವೆ ಮುರ್ವಾರೀದಳದು. ಸೂರ್ಯ ಮುಳುಗಿದರೆ ನೀರು ಪಕ್ಕದೂರಿಗೆ. ಅಂದು ಹೊತ್ತು ಮುಳುಗಿದಾಗ ಅವಳ ದಾಳಿಂಬೆಯ ಅರ್ಧ ಸಾಲೂ ನೆನೆದಿರಲಿಲ್ಲ. ಅಣ್ಣ ಬಟ್ಟಲು ಎತ್ತಿ ತಿರುಗಿಸಿದ. ತೂತಿನ ಅಂಚಿಗೆ ಮೇಣ! ತೂತು ಕಿರಿದಾಗಿ ಬಟ್ಟಲು ನಿಧಾನಕ್ಕೆ ಮುಳುಗಿತ್ತು, ಖೊದಾದಾದನ ಪಾಲು ಅಷ್ಟೂ ಹಿಗ್ಗಿತ್ತು.

"ಯಾವನೋ ಇದನ್ನ ಮೆತ್ತಿದ್ದು?"

"ನಾನು ತೂಕಡಿಸ್ತಿದ್ದೆ ಅನ್ಸತ್ತೆ, ಮಹಾರಾಜ," ಎಂದು ಖೊದಾದಾದ್ ಹಲ್ಲುಕಿರಿದ. "ಒಂದು ಹೆಂಗಸಿನ ನಾಲ್ಕು ಗಿಡಕ್ಕೆ ಎಷ್ಟು ಗರ್ಜನೆ!"

"ನಾಲ್ಕಲ್ಲ ಕಣೋ, ನಲವತ್ತು. ಅವಳ ವರ್ಷದ ಅನ್ನ ಅದು. ನಾಳೆ ನಿನ್ನ ಸರದೀಲಿ ಆರು ಬಟ್ಟಲು ಬಿಟ್ಟುಕೊಡು."

"ಕೊಡಲ್ಲ. ಏನ್ ಮಾಡ್ಕೊತೀಯ?"

ಅಣ್ಣ ಕಟ್ಟೆಯ ಮೇಲಿದ್ದ ಹಿರಿಯರತ್ತ ನೋಡಿದ. ಒಬ್ಬ ಗಡ್ಡ ನೀವಿಕೊಂಡ, ಇನ್ನೊಬ್ಬ ಕೆಮ್ಮಿದ. "ಹೋಗ್ಲಿ ಬಿಡು ಅರ್ದಶೀರ್, ದೊಡ್ಡವರ ಜೊತೆ ಯಾಕೆ," ಎಂದ ಮತ್ತೊಬ್ಬ. ನನ್ನ ಮೈ ಉರಿದುಹೋಯಿತು.

"ಇಷ್ಟು ವರ್ಷ ನಿಮ್ಮ ಹೊಲಕ್ಕೆಲ್ಲ ಹನಿ ತಪ್ಪದ ಹಾಗೆ ಹಂಚಿದಾನಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದು ಕೂಗಿದೆ.

"ಎದ್ದುಹೋದದ್ದು ನನ್ನ ತಪ್ಪು, ಅದಕ್ಕೆ ತೆರ್ತೀನಿ," ಎಂದ ಅಣ್ಣ. "ನಿಮ್ಮ ತಪ್ಪನ್ನ ಹೊರಲ್ಲ. ಇವತ್ತಿಂದ ನಾನು ತೀರಂದಾಜ್." ಬಟ್ಟಲನ್ನು ಹಿರಿಯರ ಕಾಲ ಬುಡಕ್ಕೆ ಎಸೆದು ಮಣೆಯಿಂದಿಳಿದ.

ಮರುದಿನ ನಮ್ಮ ಸರದಿಯ ನೀರನ್ನು ತಾನೇ ಗುದ್ದಲಿ ಹಿಡಿದು ಮುರ್ವಾರೀದಳ ತೋಟಕ್ಕೆ ತಿರುಗಿಸಿದ. ನಮ್ಮ ಗೋಧಿ ಒಣಗಿತು, ಅವಳ ದಾಳಿಂಬೆ ಉಳಿಯಿತು. ಮಣೆಯ ಮೇಲೆ ಖೊದಾದಾದನ ಭಾವಮೈದುನ ಕೂತ. ಊರವರು ಅವನನ್ನೂ ಅರ್ದಶೀರ್ ಎಂದೇ ಕರೆದರು. ನಾನು ಮಾತ್ರ ಕರೆಯಲಿಲ್ಲ.