ಅಂಡಿಗಿಯೊಳಗಿನ ಕೈ

ನಿಜಾಮರ ಆಳ್ವಿಕಿಯ ಕಡೀ ವರ್ಷಗಳು. ಕೊಪ್ಪಳದಾಗ ಹತ್ತಿಯಿಂದ ಕಾಳು ಬಿಡಿಸೋ ಒಂದು ಜಿನ್ನಿನೊಳಗ ನಾ ದಿನಗೂಲಿ. ಬಂಡಿ ಮ್ಯಾಲ ಬಂದ ಅರಳಿ ಒಣಗೈತೋ ಹಸಿ ಐತೋ ಅಂತ ಹೇಳಾಕಿ ನಾನ. ಒಂದು ಹತ್ತಿಕಾಳು ಹಲ್ಲಿಗೆ ಕೊಟ್ಟು ಕಡೀತಿದ್ದೆ. ಕಟ್ ಅಂದರ ಒಣಗೈತಿ, ಮೆತ್ತಗಾದರ ಹಸಿ. ಹಸಿ ಅರಳಿ ಒಟ್ಟಿದರ ಒಳಗ ಕಾವು ಹಿಡದು ಹಳದಿ ಆಗ್ತೈತಿ.

ಗೇಟಿನ ಹಂತ್ಯಾಕ ಕುಂತು ಬಂಡಿ ನೋಡೋ ಕಾಯಂ ಜಾಗಾ ಖಾಲಿ ಆತು. ಸಾವ್ಕಾರ್ರು ನನ್ನ ಕರಿಸಿ, ನಿನಗ ಗೊತ್ತಿದ್ದದ್ದೆಲ್ಲಾ ಮುನಶಿ ಮುಂದ ಹೇಳವ್ವಾ, ಅಂವ ಬರಕೊಳ್ಳಲಿ, ಆ ಜಾಗಾ ನಿಂದ ಅಂದ್ರು. ನನ್ನ ಹುಚ್ಚುತನ ನೋಡ್ರಿ, ಹಿಗ್ಗಿಬಿಟ್ಟೆ. ಅಲ್ಲೀತನಕ ನನ್ನ ಯಾರೂ ಏನೂ ಕೇಳಿದ್ದಿಲ್ಲ. ಮುನಶಿ ದಿನಾ ಅಕ್ಕಾ ಅಕ್ಕಾ ಅಂತ ಬಂದು ಕುಂತ. ಕುಷ್ಟಗಿ ಕಡೀ ಅರಳಿಯೊಳಗ ಕಸ ಹೆಂಗ ಇರ್ತೈತಿ, ಯಲಬುರ್ಗಿ ಎರಿಹೊಲದ್ದು ಬೆರಳಿಗೆ ಹೆಂಗ ಹತ್ತೈತಿ, ನಮ್ಮವ್ವ ಕಲಿಸಿದ್ದೂ ಬಿಡದ ಹೇಳಿದೆ. ಆಗ ನನಗ ಅಕ್ಷರ ಬರ್ತಿದ್ದಿಲ್ಲ. ಅಂವ ಬರಿಯೂದನ್ನ ನೋಡೂದ ಒಂದು ಖುಷಿ.

ಪುಸ್ತಕ ಮುಗೀತು. ಜಾಗಾ ಸಾವ್ಕಾರ್ರ ಅಳಿಯಗ ಹೋತು. ಹೋಗಿ ಕೇಳಿದೆ.

“ಎಲ್ಲಾ ಪುಸ್ತಕದಾಗ ಐತಲ್ಲವ್ವಾ, ಇನ್ನ ನೀ ಯಾಕ?” ಅಂದ್ರು.

ಕಪಾಳಕ್ಕ ಹೊಡದಿದ್ದರ ಛಲೋ ಇತ್ತು. ಕೂಲಿನೂ ಬಿಟ್ಟು ಮನಿಗೆ ಬಂದೆ.

ಬಂಡಿಯವರೇನು ಕಮ್ಮಿ ಇದ್ದರ? ತೂಕ ಹೆಚ್ಚು ಬರಲಿ ಅಂತ ಅಂಡಿಗಿ ಅಂದರ ಆ ದೊಡ್ಡ ಗೋಣಿಚೀಲದ ನಡುವ ಹಸಿ ತುಂಬಿ, ಬಾಯಾಗ ಬಿಸಿಲು ಕುಡದ ಅರಳಿ ಇಟ್ಟು ತಂದ್ರು. ಅಳಿಯ ಪುಸ್ತಕದ ಪ್ರಕಾರ ಮ್ಯಾಲಿಂದ ಕಾಳು ತಗದು ಕಡದ. ಕಟ್ ಅಂತು. ಒಟ್ಟಿದ್ದೆಲ್ಲಾ ಕಾವು ಹಿಡೀತು.

ಮುನಶಿ ನಮ್ಮ ಮನಿಗೆ ಓಡಿ ಬಂದ. ಅಕ್ಕಾ, ಇನ್ನೇನು ಉಳಿದೈತಿ ಹೇಳು ಅಂದ. ಏನೂ ಉಳದಿಲ್ಲೋ ತಮ್ಮಾ ಅಂದೆ, ಖರೇನ ಅಂದೆ. ಹಂಗಾರ ಅರಳಿ ನೋಡಿದಂಗ ಮಾಡಿ ತೋರಸು ಅಂತ ಮೂಲ್ಯಾಗಿನ ಚೀಲಾ ಎಳದಿಟ್ಟ. ನನ್ನ ಕೈ ತಾನ ಚೀಲದೊಳಗ ತೋಳತನಕ ಹೋತು. ಅದೂ ಹೇಳೋ ಮಾತು ಅಂತ ನನಗ ಎಂದೂ ಅನಿಸಿದ್ದಿಲ್ಲ. ಅಲ್ಲೇ ಕೈ ತಗೀಬೇಕಿತ್ತು, ಸುಮ್ಮನಿರಬೇಕಿತ್ತು. ಆದರ ಹಳದಿ ಆದ ಅರಳಿ ನೆನಸಿ ಜೀವ ಚುರ್ ಅಂತು, ಮ್ಯಾಲ ಆ ಜಾಗಾದ ಆಸಿ. ಕಾಳು ನಡುವಿಂದನ ತಗೀಬೇಕು ಅಂತ ಬಿಡಿಸಿ ಹೇಳಿದೆ. ಅಂವ ಬರಕೊಂಡ. ಸಾವ್ಕಾರ್ರು ನಾಳೆ ಕರೀತಾರಕ್ಕಾ ಅಂದು ಹೋದ.

ಎಂಟು ದಿನ ಕಾದೆ. ಸಂತಿಗೆ ಹೊಂಟಾಗ ಜಿನ್ನಿನ ಗೇಟಿನ ಮುಂದ ಹಾದೆ. ಅಳಿಯ ಅಂಡಿಗಿಯೊಳಗ ತೋಳತನಕ ಕೈ ಹಾಕಿ ನಿಂತಿದ್ದ. ಸರಿಯಾಗೇ ಹಾಕಿದ್ದ.